ಆಯಿಯ ಹಾಸಿಗೆ ಪಕ್ಕ ಕೂತವರು ಯಾರು?

2020ರ ಮಾರ್ಚ್ ತಿಂಗಳು ನೆನಪು ಮಾಡಿಕೊಳ್ಳಿ. ಕೊರೋನಾ ಬಂತು, ಹಾಸ್ಟೆಲುಗಳಿಗೆ ಬೀಗ ಬಿತ್ತು. ಟ್ರಂಕು ಹೊತ್ತುಕೊಂಡು ಊರು ಸೇರಿದೆವು. 25ರಿಂದ ದೇಶವೇ ಬಂದ್. ನಾನು ಬಂದದ್ದು ಅಂಕಲಗಿಗೆ. ಒಂದೇ ಖೋಲಿಯ ಮನೆ. ಆಯಿ, ಅವ್ವ, ತಂಗಿ, ನಾನು.

ಫೋನು ಎತ್ತಿದರೆ 'ಸಾಮಾಜಿಕ ಅಂತರ'ದ ಪಾಠ. ಆ ಪಾಠವನ್ನು ಊರು ನಮ್ಮ ಕೇರಿಗೆ ಯಾವತ್ತೋ ಕಲಿಸಿದೆ. 'ದೈಹಿಕ ಅಂತರ' ಎನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾರ್ಚ್‌ನಲ್ಲಿ ಮಾತು ತಿದ್ದಿಕೊಂಡಿತು. ನಮ್ಮಲ್ಲಿ ಹಳೇ ಮಾತೇ ಉಳಿಯಿತು. ವಯಸ್ಸಾದವರನ್ನು ಬೇರೆ ಕೋಣೆಯಲ್ಲಿ ಇಡಿ ಅಂದರು. ಕೋಣೆ ಎಲ್ಲಿಂದ ತರೋಣ? ಖೋಲಿ ನಡುವೆ ಅವ್ವನ ಹಳೇ ಸೀರೆ ಕಟ್ಟಿದೆವು. ಅದೇ ಗೋಡೆ.

ಆಯಿಗೆ ದಮ್ಮು, ಮ್ಯಾಲೆ ಸಕ್ಕರೆ ರೋಗ. ರಾತ್ರಿ ಎಬ್ಬಿಸಿ ಕೂಡಿಸಬೇಕು, ಬೆನ್ನು ತಿಕ್ಕಬೇಕು, ಬಯಲಕಡೆಗೆ ಕೈಹಿಡಿದು ಕರಕೊಂಡು ಹೋಗಬೇಕು. ಅವ್ವ ಕೂಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಇದನ್ನೆಲ್ಲ ಮಾಡಿದವಳು ಪಿಯುಸಿ ಓದುತ್ತಿದ್ದ ತಂಗಿ. ನಾನೇನು ಮಾಡಿದೆ? ಮನೆಯಲ್ಲಿದ್ದದ್ದು ಒಂದೇ ಮೊಬೈಲು. ಅದು ನನ್ನ ಕೈಯಾಗ. ಬೇವಿನ ಗಿಡದ ಕೆಳಗೆ ಕೂತು ಪಾಠ ಕೇಳಿದೆ. ಸಮಾನತೆಯ ಮೇಲೆ ಕವಿತೆ ಬರೆದೆ!

"ನನ ಸಲುವಾಗಿ ನೀ ಸಾಲಿ ಬಿಡಬ್ಯಾಡ ಮಗಳ" ಅನ್ನುತ್ತಿದ್ದಳು ಆಯಿ. ಹೇಳಿದ್ದು ತಂಗಿಗೆ. ಕೇಳಿಸಿಕೊಳ್ಳಬೇಕಾದವನು ನಾನು.

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಸುರುವಾಯಿತು. ಅಂಜುತ್ತಿದ್ದ ಆಯಿಯನ್ನು ಒಪ್ಪಿಸಿ ಪಾಳಿಯಲ್ಲಿ ನಿಲ್ಲಿಸಿದವಳೂ ತಂಗಿಯೇ. ಆಯಿ ಉಳಿದಳು. ಹಾಸ್ಟೆಲು ತೆರೆದಾಗ ನಾನು ಹೊರಟೆ. ತಂಗಿ ಕಾಲೇಜಿಗೆ ತಿರುಗಿ ಹೋಗಲೇ ಇಲ್ಲ.

ಹಿರಿಯರ ಪೋಷಣೆಗೆ 2007ರಲ್ಲಿ ಒಂದು ಕಾಯ್ದೆ ಬಂತು. ಹಿರಿಯರನ್ನು ನಡುನೀರಲ್ಲಿ ಬಿಟ್ಟುಹೋದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರಿಯೇ. ಬಿಟ್ಟುಹೋದವನಿಗೆ ಶಿಕ್ಷೆ ಬರೆದವರು, ಬಿಡದೆ ಉಳಿದವಳಿಗೆ ಒಂದು ರೂಪಾಯಿಯನ್ನಾದರೂ ಬರೆದರೇ? ಅಂಗವಿಕಲರ 2016ರ ಕಾಯ್ದೆಯಲ್ಲಿ 'ಆರೈಕೆದಾರರ ಭತ್ಯೆ' ಎಂಬ ಮಾತಾದರೂ ಇದೆ. ಮುಪ್ಪಿನ ಕಾಯ್ದೆಗೆ ಆ ಮಾತೂ ಗೊತ್ತಿಲ್ಲ. ಮನೆಯೊಳಗೆ ಮಾಡಿದ್ದು ಕೆಲಸ ಅಲ್ಲ, ಹೆಣ್ಣಿನ ಗುಣ ಅಂತ ತಿಳಿದಿದ್ದಾರೆ. ನಾವೂ ಹಂಗೇ ತಿಳಿದಿದ್ದೇವೆ.

ನಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಸಾವಿತ್ರಿಬಾಯಿ ಫುಲೆ ಅವರ ಫೋಟೋ ಇದೆ. ಪುಣೆಯಲ್ಲಿ ಪ್ಲೇಗು ಬಂದಾಗ ರೋಗಿಗಳ ಆರೈಕೆಗೆ ನಿಂತು, ಅದೇ ರೋಗ ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಹಾರ ಹಾಕುತ್ತೇವೆ. ಆದರೆ ಆ ತಾಯಿ ಮೊದಲು ತೆರೆದದ್ದು ಹೆಣ್ಣುಮಕ್ಕಳ ಸಾಲಿ. ಆರೈಕೆಯ ಹೆಸರಲ್ಲಿ ತಂಗಿಯ ಸಾಲಿ ಬಿಡಿಸಿ ಅವರಿಗೆ ಹಾರ ಹಾಕಿದರೆ ಅದು ಎಂಥ ಗೌರವ?

ಸರ್ಕಾರವನ್ನು ಕೇಳೋಣ: ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಭತ್ಯೆ ಕೊಡಿ. ಅದಕ್ಕಾಗಿ ಓದು ಬಿಟ್ಟ ಹುಡುಗಿಯರಿಗೆ ಮತ್ತೆ ಪ್ರವೇಶ ಕೊಡಿ, ಹಾಸ್ಟೆಲಿನಲ್ಲಿ ಜಾಗ ಕೊಡಿ. ಗಟ್ಟಿಯಾಗಿ ಕೇಳೋಣ.

ಆದರೆ ಗೆಳೆಯರೇ, ಕೇಳುವ ಮೊದಲು ಒಂದು ಕೆಲಸ. ಈ ರಜೆಗೆ ಊರಿಗೆ ಹೋದಾಗ ಮೊಬೈಲು ತಂಗಿಯ ಕೈಗೆ ಕೊಡಿ. ಆಯಿಯ ಹಾಸಿಗೆ ಪಕ್ಕ ನೀವು ಕೂಡ್ರಿ. ರಾತ್ರಿ ಕೆಮ್ಮು ಬಂದರೆ ನೀವು ಏಳಿ. ಇಷ್ಟು ಮಾಡದೆ ಸಭೆಯಲ್ಲಿ ಸಮಾನತೆಯ ಹಾಡು ಹಾಡಿದರೆ, ಅದು ಬರೀ ಗಂಡಸರ ಹಾಡು.