ಹಳೆಯ ಜಾವಾ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಬಂಡಿಯೊಂದನ್ನು ಗುಜರಿಯ ಬೆಲೆಗೆ ಕೊಂಡ ನಾನು ಮೊದಲು ಬಣ್ಣ ಬಳಿಸಲು ಹೊರಟಿದ್ದೆ. ನಮ್ಮ ಬೀದಿಯ ವೃದ್ಧ ಮೆಕ್ಯಾನಿಕ್ಕರು ತಡೆದರು: “ಮೊದಲು ಕಿಡಿ, ಆಮೇಲೆ ಪೆಟ್ರೋಲು, ಬಣ್ಣ ಕಡೆಗೆ, ಸ್ವಾಮಿ.” ಪಾಯಿಂಟು ಉಜ್ಜಿ, ಕಾರ್ಬುರೇಟರು ತೊಳೆದು, ಟ್ಯಾಂಕಿನ ತುಕ್ಕು ಕಳೆದು, ಆಯಿಲು ಬೆರೆಸಿದ ಹೊಸ ಪೆಟ್ರೋಲು ಹಾಕಿದೆವು. ಕಿಕ್ಕಿಗೂ ಗೇರಿಗೂ ಒಂದೇ ಆದ ಆ ಲಿವರನ್ನು ತುಳಿದಾಗ ಬಂಡಿ ನೀಲಿ ಹೊಗೆ ಕಾರಿ ಎಚ್ಚತ್ತಿತು. ಉಳಿಸಿದ ಹಣ ಬ್ರೇಕಿಗೂ ಟೈರಿಗೂ ಹೋಯಿತು. ಅಲ್ಲಿ ಜಿಪುಣತನ ಸಲ್ಲದು.

ಬಿಡಿಭಾಗಗಳು ಹುಡುಕಿದರೆ ಸಿಕ್ಕಾವು. ಆ ಕೈಯ ವಿದ್ಯೆ ಅಂಗಡಿಯಲ್ಲಿ ದೊರೆಯದು. ಕಲಿಯಲು ಅವರ ಬಳಿ ಈಗ ಹುಡುಗರಿಲ್ಲ. ಹಳೆಯ ಬಂಡಿಯನ್ನು ಉಳಿಸುವುದೆಂದರೆ, ನನ್ನ ಮತದಲ್ಲಿ, ಆ ವಿದ್ಯೆಗೆ ಒಬ್ಬ ಶಿಷ್ಯನನ್ನು ಒದಗಿಸುವುದು. ಭಾನುವಾರಗಳಂದು ನಾನೇ ಹೋಗುತ್ತಿದ್ದೇನೆ.