ಜಾತ್ರೆಯಲ್ಲಿ ಕಳೆದುಹೋದ ತಾತ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಅಂತ ಹಿರಿಯರು ಹೇಳುತ್ತಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿ 36 ವರ್ಷ ಲೆಡ್ಜರ್ ಓದಿದವನು ನಾನು. ಅದನ್ನು ಕೋಶ ಎಂದು ಒಪ್ಪಿಕೊಂಡರೆ ಗಾದೆಯ ಅರ್ಧ ಮುಗಿಸಿದ್ದೆ. ಉಳಿದರ್ಧಕ್ಕೆ ಕಳೆದ ಸೆಪ್ಟೆಂಬರಿನಲ್ಲಿ ಜರ್ಮನಿಯಲ್ಲಿರುವ ಮಗಳು, ಅಳಿಯ ದಾರಿ ಮಾಡಿದರು. ಡ್ಯಾನ್ಯೂಬ್ ನದಿಯಲ್ಲಿ ಐದು ದಿನದ ಹಡಗಿನ ಪ್ರಯಾಣ, ಕೊನೆಗೆ ಮ್ಯೂನಿಕ್ ನಗರದ ದೊಡ್ಡ ಹಬ್ಬ. ಜೊತೆಗೆ ಹತ್ತು ವರ್ಷದ ಮೊಮ್ಮಗ.

ನಾನು ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ. ಮದುವೆಯಾದದ್ದು ತಿ. ನರಸೀಪುರದ ಹುಡುಗಿಯನ್ನು. ನಮ್ಮೂರಿನ ಕಪಿಲೆ ಅವಳೂರಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ‘ನಿಮ್ಮೂರ ನೀರಿಗೆ ನಮ್ಮೂರಿಗೆ ಬಂದ ಮೇಲೇ ಒಂದು ಬೆಲೆ’ ಎಂದು ನನ್ನವಳು ಆಗಾಗ ಚುಚ್ಚುತ್ತಿದ್ದಳು. ಇಷ್ಟೆಲ್ಲ ನದಿಯ ನಂಟಿದ್ದರೂ ನಾನು ಮಾಡಿದ ಜಲಪ್ರಯಾಣವೆಂದರೆ ಸಂಗಮದಲ್ಲಿ ಹರಿಗೋಲು ಹತ್ತಿದ್ದು, ಅಷ್ಟೇ. ಅದೂ ಕಣ್ಣು ಮುಚ್ಚಿಕೊಂಡು.

ಹಡಗು ಹೊರಟದ್ದು ಹಂಗೆರಿ ದೇಶದ ಬುಡಾಪೆಸ್ಟ್‌ನಿಂದ. ಮಕ್ಕಳೇ, ನಮ್ಮ ಕಾವೇರಿಯ ಉದ್ದ ಸುಮಾರು 800 ಕಿ.ಮೀ. ಡ್ಯಾನ್ಯೂಬ್ ಸುಮಾರು 2,850 ಕಿ.ಮೀ. ಜರ್ಮನಿಯ ಕಪ್ಪು ಕಾಡು ಎಂಬ ಬೆಟ್ಟಸೀಮೆಯಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ, ಕಪ್ಪು ಸಮುದ್ರ ಸೇರುತ್ತದೆ. ನಾವು ಹರಿವಿಗೆ ಎದುರಾಗಿ, ಬ್ರಾಟಿಸ್ಲಾವಾ, ವಿಯೆನ್ನಾ ದಾಟಿ ಜರ್ಮನಿಯ ಕಡೆ ಹೋದೆವು. ಆ ನದಿಯ ನೀಲಿ ಬಣ್ಣವನ್ನು ಹೊಗಳುವ ಸಂಗೀತವನ್ನು ಯೋಹಾನ್ ಸ್ಟ್ರಾಸ್ ಕಟ್ಟಿದ; 1867ರಲ್ಲಿ ಅದನ್ನು ಮೊದಲ ಬಾರಿಗೆ ನುಡಿಸಿದರು. ಹಡಗಿನಲ್ಲಿ ದಿನವೂ ಅದನ್ನೇ ನುಡಿಸುತ್ತಿದ್ದರು. ನಾನು ನೋಡಿದ ನೀರು ಮಾತ್ರ ಹೆಸರುಬೇಳೆ ಬಣ್ಣದ್ದು.

ಬುಡಾಪೆಸ್ಟಿನ ಪ್ರಸಿದ್ಧ ಚೈನ್ ಸೇತುವೆಯನ್ನು ಮೊಮ್ಮಗ ಹೆಮ್ಮೆಯಿಂದ ತೋರಿಸಿದ. 1849ರಲ್ಲಿ ಸಂಚಾರಕ್ಕೆ ತೆರೆದದ್ದಂತೆ. ‘ನಂಜನಗೂಡಿನಲ್ಲಿ ಕಪಿಲೆಗೆ ಕಟ್ಟಿದ ಹಳೆಯ ಸೇತುವೆ 1735ರದು ಕಣೋ, ದಳವಾಯಿ ದೇವರಾಜಯ್ಯನ ಕಾಲದ್ದು. ಅದರ ಮೇಲೆ ರೈಲೂ ಓಡಿತ್ತು’ ಎಂದೆ. ಅವನು ಬೆರಳು ಮಡಿಚಿ ಕಳೆದು, ‘114 ವರ್ಷ ದೊಡ್ಡದು!’ ಎಂದ. ಗುಮಾಸ್ತನ ಮೊಮ್ಮಗ, ಲೆಕ್ಕ ತಪ್ಪಲಿಲ್ಲ.

ನನಗೆ ಬಹಳ ಹಿಡಿಸಿದ್ದು ಹಡಗು ಮೆಟ್ಟಿಲು ಹತ್ತುವ ಉಪಾಯ. ನದಿಗೆ ಅಲ್ಲಲ್ಲಿ ಅಣೆಕಟ್ಟುಗಳಿವೆ. ಪಕ್ಕದಲ್ಲಿ ಉದ್ದನೆಯ ತೊಟ್ಟಿಯಂಥ ಕಟ್ಟೆ. ಅದಕ್ಕೆ ಲಾಕ್ ಎನ್ನುತ್ತಾರೆ. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲಿನ ನೀರನ್ನು ಒಳಗೆ ಬಿಡುತ್ತಾರೆ. ನೀರು ಏರಿದಂತೆ ಹಡಗೂ ಏರುತ್ತದೆ. ಎರಡೂ ಕಡೆ ಮಟ್ಟ ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಕೆಲವು ಕಡೆ ಹತ್ತು ಮೀಟರಿಗೂ ಹೆಚ್ಚು ಏರಿದೆವು. ಲೋಟದಲ್ಲಿ ನಿಂತಿದ್ದ ಕಾಫಿ ಕೂಡ ಅಲುಗಲಿಲ್ಲ. ಪಂಪು ಬೇಡ, ಮೇಲಿನ ನೀರು ಕೆಳಕ್ಕೆ ಹರಿಯುವ ಗುಣವೇ ಸಾಕು. ಬ್ಯಾಂಕಿನ ಲಾಕರ್ ಮಾತ್ರ ಗೊತ್ತಿದ್ದ ನನಗೆ ಇದು ಹೊಸ ಲಾಕರ್.

ಐದನೆಯ ದಿನ ಪಾಸೌ ಎಂಬ ಊರು ಬಂತು. ಅಲ್ಲಿ ಮೂರು ನದಿಗಳು ಸೇರುತ್ತವೆ. ಆಲ್ಪ್ಸ್ ಬೆಟ್ಟಗಳಿಂದ ಬರುವ ಇನ್ ನದಿಯದು ಹಸಿರು ನೀರು. ಕಾಡಿನಿಂದ ಬರುವ ಇಲ್ಟ್ಸ್ ಕಪ್ಪು. ನಡುವೆ ಡ್ಯಾನ್ಯೂಬ್. ಸ್ವಲ್ಪ ದೂರ ಬಣ್ಣಗಳು ಬೇರೆ ಬೇರೆಯಾಗಿಯೇ ಜೊತೆಗೆ ಹರಿಯುತ್ತವೆ. ಅಲ್ಲಿನ ಪುರಭವನದ ಗೋಡೆಯ ಮೇಲೆ ಪ್ರವಾಹದ ಗುರುತುಗಳಿವೆ; 2013ರದು ತಲೆಗಿಂತ ಎಷ್ಟೋ ಮೇಲೆ. ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಮ್ಮೂರ ಹದಿನಾರು ಕಾಲಿನ ಮಂಟಪ ಮುಳುಗುವುದು ನೆನಪಾಯಿತು.

ಮೂರು ನದಿಗಳು ಕೂಡುವ ತುದಿಯಲ್ಲಿ ನಿಂತಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನರಸೀಪುರದಲ್ಲೂ ತ್ರಿವೇಣಿಯೇ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. 1989ರಿಂದ ಮೂರು ವರ್ಷಕ್ಕೊಮ್ಮೆ ಎಂದು ಕುಂಭಮೇಳ ನಡೆಸುವುದು ಅಲ್ಲೇ. ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನನ್ನವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಐದು ವರ್ಷದ ಹಿಂದೆ ಅದೇ ಸಂಗಮದಲ್ಲಿ ಒಂದು ಪುಟ್ಟ ಮಡಕೆ ಹಿಡಿದು ನಾನೂ ಮಗಳೂ ನಿಂತಿದ್ದೆವು. ಪಾಸೌನಲ್ಲಿ ಮಗಳು ಏನೂ ಹೇಳದೆ ನನ್ನ ಪಕ್ಕ ಬಂದು ನಿಂತಳು. ‘ಯಾವ ನೀರು ಯಾವುದು ಅಂತ ಮುಂದೆ ಗೊತ್ತಾಗಲ್ವಾ ತಾತ?’ ಎಂದ ಮೊಮ್ಮಗ. ‘ಮುಂದೆ ಎಲ್ಲಾ ಒಂದೇ ನೀರು’ ಎಂದೆ.

ಅಲ್ಲಿಂದ ರೈಲಿನಲ್ಲಿ ಮ್ಯೂನಿಕ್. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್, ರಾಜಕುಮಾರಿ ತೆರೇಸಾಳನ್ನು ಮದುವೆಯಾದ. ಊರ ಜನರಿಗೆಲ್ಲ ಸಂತೋಷಕೂಟ, ಕೊನೆಗೆ ಬಯಲಿನಲ್ಲಿ ಕುದುರೆ ಓಟ. ಆ ಬಯಲಿಗೆ ಅವಳ ಹೆಸರೇ ಇಟ್ಟರು. ಅದೇ ಆಕ್ಟೋಬರ್‌ಫೆಸ್ಟ್ ಆಯಿತು. ಅಕ್ಟೋಬರಿನಲ್ಲಿ ಚಳಿ ಹೆಚ್ಚೆಂದು ಈಗ ಸೆಪ್ಟೆಂಬರಿನಲ್ಲೇ ಶುರು ಮಾಡುತ್ತಾರೆ. ಮೊದಲ ದಿನ ಮಧ್ಯಾಹ್ನ 12ಕ್ಕೆ ನಗರದ ಮೇಯರ್ ಮೊದಲ ಪೀಪಾಯಿಗೆ ನಲ್ಲಿ ಬಡಿಯುತ್ತಾರೆ.

ಹೌದು, ಇದು ಬಿಯರ್ ಹಬ್ಬ. ಸಾವಿರಾರು ಜನ ಕೂರುವ ಡೇರೆಗಳು, ಲೀಟರ್ ಹಿಡಿಯುವ ಗಾಜಿನ ಮಗ್ಗುಗಳು. ಒಂದರ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದೆ, ಸಾವಿರ ದಾಟಿತು. ‘ಮಾವ, ರಜೆಯಲ್ಲಿ ಲೆಕ್ಕ ಬೇಡ’ ಎಂದ ಅಳಿಯ. ನಾನೂ ಮೊಮ್ಮಗನೂ ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದನ್ನು ಕುಡಿದೆವು. ಹೊರಗೆಲ್ಲ ಪೂರ್ತಿ ಜಾತ್ರೆ. ರಾಟೆತೊಟ್ಟಿಲು, ವಾದ್ಯ, ಕೊರಳಿಗೆ ಹಾಕಿಕೊಳ್ಳುವ ಶುಂಠಿ ಬಿಸ್ಕತ್ತಿನ ಹೃದಯಗಳು, ನಮ್ಮ ಕೋಡುಬಳೆಯ ದೊಡ್ಡಣ್ಣನಂಥ ಪ್ರೆಟ್ಸೆಲ್. ಕಡ್ಲೆಪುರಿ, ಬತ್ತಾಸು ಮಾತ್ರ ಇರಲಿಲ್ಲ.

ಸಿಂಗರಿಸಿದ ಕುದುರೆಗಳು ಪೀಪಾಯಿಗಳ ಗಾಡಿ ಎಳೆದುಕೊಂಡು ಬಂದವು. ನೋಡುತ್ತಾ ನಿಂತೆ. ತಿರುಗಿದರೆ ನಮ್ಮವರು ಯಾರೂ ಇಲ್ಲ! ಫೋನು ಮಗಳ ಚೀಲದಲ್ಲಿ. ಭಾಷೆ ಬಾರದು. ಸುತ್ತಲೂ ನನಗಿಂತ ಒಂದಡಿ ಎತ್ತರದ ಜನ.

ಏಳು ವರ್ಷದವನಿದ್ದಾಗ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ನಾನು ಹೀಗೇ ಕಳೆದುಹೋಗಿದ್ದೆ. ಐದು ತೇರು, ಶ್ರೀಕಂಠೇಶ್ವರನ ಗೌತಮ ರಥ ಕದಲಿದಾಗ ಜನಸಾಗರ. ಹಣ್ಣು ಜವನ ಎಸೆಯಲು ಅಪ್ಪನ ಕೈ ಬಿಟ್ಟೆ, ಅಷ್ಟೇ. ಆದರೆ ಅಪ್ಪ ಮೊದಲೇ ಹೇಳಿದ್ದರು: ‘ತಪ್ಪಿಸಿಕೊಂಡರೆ ಹುಡುಕಬೇಡ. ರಾಜಗೋಪುರದ ಕೆಳಗೆ ಬಂದು ನಿಂತುಕೋ. ನಾನೇ ಬರ್ತೀನಿ.’ ನಿಂತಿದ್ದೆ. ಬಂದರು. ‘ಹೆದರಿದ್ರಾ ಅಪ್ಪಾ?’ ಎಂದು ಕೇಳಿದೆ. ‘ನಾನ್ಯಾಕೆ ಹೆದರಲಿ’ ಎಂದರು. ನನ್ನನ್ನು ಹಿಡಿದ ಅವರ ಕೈ ತಣ್ಣಗಿತ್ತು, ನಡುಗುತ್ತಿತ್ತು.

ಆ ಕಥೆಯನ್ನು ಹಡಗಿನಲ್ಲಿ ಮೊಮ್ಮಗನಿಗೆ ಹೇಳಿದ್ದೆ. ಅದಕ್ಕೇ ಬೆಳಿಗ್ಗೆ ಅವನು ಬಯಲಿನ ಅಂಚಿನಲ್ಲಿ ನಿಂತಿರುವ ಬವೇರಿಯಾ ಎಂಬ ಹೆಣ್ಣಿನ ಕಂಚಿನ ಪ್ರತಿಮೆಯನ್ನು ತೋರಿಸಿ, ‘ತಾತ, ಇದೇ ನಮ್ಮ ಗೋಪುರ’ ಎಂದಿದ್ದ. 1850ರದು, ಎತ್ತರ ಸುಮಾರು 18 ಮೀಟರ್, ಪಕ್ಕದಲ್ಲಿ ಸಿಂಹ. ಎಲ್ಲಿಂದ ನೋಡಿದರೂ ಕಾಣುತ್ತಾಳೆ. ಅವಳು ಎತ್ತಿದ ಕೈಯನ್ನೇ ನೋಡಿಕೊಂಡು ನಡೆದೆ. ಮೆಟ್ಟಿಲ ಮೇಲೆ ಕೂತೆ. ಎಷ್ಟು ಹೊತ್ತಾಯಿತೋ, ಗಡಿಯಾರ ನೋಡಲು ಧೈರ್ಯವಾಗಲಿಲ್ಲ.

ಮೊದಲು ಓಡಿ ಬಂದವನು ಅವನೇ. ‘ನಾನು ಹೇಳ್ಲಿಲ್ವಾ, ತಾತ ಇಲ್ಲೇ ಇರ್ತಾರೆ ಅಂತ!’ ಹಿಂದೆ ಮಗಳು, ಅಳಿಯ, ಇಬ್ಬರ ಮುಖವೂ ಬಿಳುಚಿಕೊಂಡಿತ್ತು. ‘ಹೆದರಿದ್ಯಾ ತಾತ?’ ಎಂದು ಕೇಳಿದ. ‘ನಾನ್ಯಾಕೆ ಹೆದರಲಿ’ ಎಂದುಬಿಟ್ಟೆ. ಅವನು ನನ್ನ ಕೈ ಹಿಡಿದ. ಏನೂ ಹೇಳಲಿಲ್ಲ. ರೈಲು ಹತ್ತುವವರೆಗೂ ಬಿಡಲಿಲ್ಲ.

ನಮ್ಮೂರಿನಲ್ಲಿ ತೇರು ಮುಗಿದ ಮೇಲೆ ದೇವರಿಗೆ ಕಪಿಲೆಯಲ್ಲಿ ತೆಪ್ಪೋತ್ಸವ. ನಮಗೆ ಮೊದಲು ತೆಪ್ಪ, ಆಮೇಲೆ ಜಾತ್ರೆ. ಅಷ್ಟೇ ವ್ಯತ್ಯಾಸ. ಓದುಗರೇ, ಜಾತ್ರೆಗೆ ಹೋಗುವಾಗ ಮಕ್ಕಳಿಗೆ ಮಾತ್ರವಲ್ಲ, ಮನೆಯ ಹಿರಿಯರಿಗೂ ಒಂದು ಗೋಪುರ ತೋರಿಸಿಡಿ. ಚೀಟಿಯಲ್ಲಿ ಫೋನ್ ನಂಬರ್ ಬರೆದು ಜೇಬಿಗಿಡಿ.

ಮೊಮ್ಮಗ ಈಗ ಪ್ರತಿ ಭಾನುವಾರ ಫೋನಿನಲ್ಲಿ ಕನ್ನಡ ಅಕ್ಷರ ಕೂಡಿಸಿ ಓದುತ್ತಾನೆ. ಈ ವಾರ ಅವನಿಗೆ ಇದೇ ಪಾಠ. ಪುಟ್ಟಾ, ನಿಧಾನವಾಗಿ ಓದು. ಅವತ್ತು ತಾತ ಹೇಳಿದ್ದು ಸುಳ್ಳು. ತುಂಬಾ ಹೆದರಿದ್ದೆ. ನೀನು ಬಂದ ಮೇಲೆ ಹೋಯಿತು.