ಹೆಚ್ಚಿನ ಅಕ್ಕಿಯ ಲೆಕ್ಕ



ದೇವದುರ್ಗದಲ್ಲಿ ನಡೆದ ಒಂದು ವಚನ ಕಂಠಪಾಠ ಸ್ಪರ್ಧೆಗೆ ನಾನೂ ತೀರ್ಪುಗಾರನಾಗಿದ್ದೆ. ಒಬ್ಬ ಹುಡುಗ ನಲವತ್ತು ವಚನಗಳನ್ನು ಎಲ್ಲಿಯೂ ತಡವರಿಸದೆ ಹೇಳಿದ. ವೇದಿಕೆಯಿಂದ ಇಳಿದವನೇ ನನ್ನ ಹತ್ತಿರ ಬಂದು, "ಸರ್, ಬಹುಮಾನದ ರೊಕ್ಕ ಇವತ್ತೇ ಕೊಡ್ತೀರೇನು?" ಎಂದು ಕೇಳಿದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಹುಮಾನದ ಮೊತ್ತವನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದವರು ನಾವೇ.

ಆಗ ನನಗೆ ನೆನಪಾದವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಅಲಸ್ಡೇರ್ ಮ್ಯಾಕಿಂಟೈರ್. 1929ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನಲ್ಲಿ ಪಾಠ ಹೇಳಿ, ನಲವತ್ತರ ಹೊತ್ತಿಗೆ ಅಮೆರಿಕೆಗೆ ಹೋದರು. ನಾಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕಲಿಸಿ, 2025ರ ಮೇ 21ರಂದು 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪಿಎಚ್.ಡಿ. ಪದವಿಯನ್ನೇ ಪಡೆಯದ ಪ್ರಾಧ್ಯಾಪಕರು! ಯೌವನದಲ್ಲಿ ಕಮ್ಯುನಿಸ್ಟರಾಗಿದ್ದರು, ಐವತ್ತು ದಾಟಿದ ಮೇಲೆ ಕ್ಯಾಥೊಲಿಕ್ ಆದರು. ತಮ್ಮ ಹಳೆಯ ಮಾತು ತಪ್ಪೆಂದು ಕಂಡಾಗ ಅದನ್ನು ಬಿಡಲು ಅಂಜಲಿಲ್ಲ. ನಮ್ಮ ವಿದ್ವಾಂಸರಲ್ಲಿ ಈ ಗುಣ ಅಪರೂಪ.

1981ರಲ್ಲಿ ಅವರು 'ಆಫ್ಟರ್ ವರ್ಚ್ಯೂ' ಎಂಬ ಗ್ರಂಥ ಬರೆದರು. ನೀತಿಯ ಶಬ್ದಗಳು ನಮ್ಮ ಬಾಯಲ್ಲಿ ಉಳಿದಿವೆ, ಆ ಶಬ್ದಗಳಿಗೆ ಅರ್ಥ ಕೊಟ್ಟ ಬದುಕು ಮಾತ್ರ ಕೈಬಿಟ್ಟು ಹೋಗಿದೆ ಎಂಬುದು ಅದರ ತಿರುಳು. ಸದ್ಗುಣ ಉಪದೇಶದಿಂದ ಬರುವುದಿಲ್ಲ, ಕೂಡಿ ಮಾಡುವ ಕೆಲಸದಲ್ಲಿ ಬೆಳೆಯುತ್ತದೆ. ಇದಕ್ಕೆ ಅವರು ಚದುರಂಗದ ಉದಾಹರಣೆ ಕೊಡುತ್ತಾರೆ. ಮಿಠಾಯಿಯ ಆಸೆಗೆ ಆಡುವ ಮಗು ಸಿಕ್ಕಿಬೀಳದಂತಿದ್ದರೆ ಮೋಸವನ್ನೂ ಮಾಡೀತು. ಆಟದ ಸುಖವನ್ನೇ ಕಂಡುಕೊಂಡ ದಿನ ಮೋಸ ಮಾಡಿದರೆ ಅದು ತನಗೆ ತಾನೇ ಸೋತಂತೆ. ನಮ್ಮ ಹುಡುಗನನ್ನು ನಾವು ಇನ್ನೂ ಮಿಠಾಯಿಯ ಹಂತದಲ್ಲೇ ನಿಲ್ಲಿಸಿದ್ದೇವೆ.

ಅದೇ ಗ್ರಂಥದ ಇನ್ನೊಂದು ಮಾತು ಮಠಗಳಿಗೆ ನೇರವಾಗಿ ತಾಗುತ್ತದೆ. ಯಾವ ಸತ್ಕಾರ್ಯವೂ ಸಂಸ್ಥೆಯಿಲ್ಲದೆ ಬಾಳುವುದಿಲ್ಲ. ಆದರೆ ಸಂಸ್ಥೆಗೆ ಹಣ, ಅಧಿಕಾರ, ಹೆಸರು ಬೇಕು. ಇವು ಆ ಕಾರ್ಯವನ್ನೇ ಕೆಡಿಸಬಲ್ಲವು. ತಡೆಯುವ ಶಕ್ತಿ ಇರುವುದು ನ್ಯಾಯ, ಧೈರ್ಯ, ಸತ್ಯವಂತಿಕೆಗಳಿಗೆ ಮಾತ್ರ.

ಇದನ್ನು ತಿಳಿಯಲು ನಮಗೆ ಗ್ಲಾಸ್ಗೋದವರು ಬೇಕಿತ್ತೇ ಎಂದು ಕೆಲವರು ಕೇಳಿಯಾರು. ಬೇಕಿರಲಿಲ್ಲ. ನೆರೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲೇ ಇದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಅಕ್ಕಿ ಕದ್ದದ್ದಲ್ಲ, ಹೊಟ್ಟೆಗೆ ಬಚ್ಚಿಟ್ಟದ್ದೂ ಅಲ್ಲ, ದಾಸೋಹಕ್ಕೇ ತಂದದ್ದು. ಆದರೂ ಬೇಡವೆಂದಳು. ಮ್ಯಾಕಿಂಟೈರ್ ನೆಚ್ಚಿಕೊಂಡ ಅರಿಸ್ಟಾಟಲ್ ಕೂಲಿಕಾರರಿಗೂ ಹೆಂಗಸರಿಗೂ ಪೂರ್ಣ ಸದ್ಗುಣ ಒಲಿಯುತ್ತದೆಂದು ನಂಬಿದವನಲ್ಲ. ಇಲ್ಲಿ ಅಕ್ಕಿ ಆಯುವವನ ಹೆಂಡತಿಯೇ ಗುರು.

ಇಂದು ಹೆಚ್ಚಿನ ಅಕ್ಕಿ ನಮ್ಮ ಮಠಗಳ ಬಾಗಿಲಿಗೆ ದಿನವೂ ಬರುತ್ತದೆ. ಚುನಾವಣೆಗೆ ಮುನ್ನ ಕಲ್ಯಾಣ ಮಂಟಪಕ್ಕೆ ದೇಣಿಗೆ ಬರುತ್ತದೆ, ಶಾಲೆಯ ಪ್ರವೇಶಕ್ಕೆ ಪಾವತಿಯಿಲ್ಲದ ಹಣ ಬರುತ್ತದೆ, ದಾಸೋಹ ಭವನದ ಗೋಡೆಗೆ ದಾನಿಗಳ ಹೆಸರಿನ ಕಲ್ಲು ಏರುತ್ತದೆ. ಎಲ್ಲ ಮಠಗಳೂ ಹೀಗೆಂದು ನಾನು ಹೇಳುತ್ತಿಲ್ಲ. ಊಟ, ಓದು ಕೊಟ್ಟು ನನ್ನಂಥವರನ್ನು ಬೆಳೆಸಿದ ಮಠಗಳೂ ಇವೆ. ಆದರೆ ಈ ಹಣ ಯಾವ ಕಾಯಕದ್ದು ಎಂದು ಕೇಳಿ, ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದ ಆಡಳಿತ ಮಂಡಳಿಯ ಸಭೆಯನ್ನು ನಾನು ಇನ್ನೂ ಕಂಡಿಲ್ಲ. ಈ ಪತ್ರಿಕೆಯ ಜಾಹೀರಾತುಗಳ ವಿಷಯದಲ್ಲಿ ನಾನೂ ಹಾಗೆ ಕೇಳಿದವನಲ್ಲ.

ಮುಂದಿನ ಸ್ಪರ್ಧೆಗೆ ನಗದು ಬಹುಮಾನ ಬೇಡ, ಮಕ್ಕಳು ಬೆಳಿಗ್ಗೆ ದಾಸೋಹದ ಅಕ್ಕಿ ಆರಿಸಿ, ಬಡಿಸಿ, ಆಮೇಲೆ ತಮಗೆ ತಿಳಿದ ಒಂದೇ ವಚನದ ಬಗ್ಗೆ ಮಾತಾಡಲಿ ಎಂದು ಸಂಘಟಕರ ಮುಂದೆ ಇಟ್ಟಿದ್ದೇನೆ. ಹಾಗಾದರೆ ಮಕ್ಕಳೇ ಬರುವುದಿಲ್ಲ ಎಂದರು. ಐದು ಮಂದಿ ಬಂದರೂ ಸಾಕು ಎಂದೆ. ಅವರು ಇನ್ನೂ ಒಪ್ಪಿಲ್ಲ.